ಜಗದೇವಿಯ ಮಗ್ಗುಲ ಜಾಗ

ಮೊನ್ನೆ ಭಾನುವಾರ ಪಲ್ಲವಿ ತನ್ನ ತಮ್ಮ ಓಂಕಾರನಿಗೆ ಲೆಕ್ಕ ಹೇಳಿಕೊಡಲೆಂದು ಅಟ್ಟದ ಮೇಲಿದ್ದ ಹಳೆಯ ಕರಿಹಲಗೆ ಇಳಿಸಿದಳು. ಅದು ಬೂದಿಯ ಹಾಗೆ ಬೆಳ್ಳಗಾಗಿತ್ತು. "ಅಜ್ಜಿ, ಬಜಾರದಿಂದ ಕರಿ ಬಣ್ಣ ತರ್ಬೇಕು ನೋಡು" ಎಂದಳು. ಬಣ್ಣ ಯಾಕೆ ಬೇಕು, ಹಿತ್ತಲಲ್ಲಿ ತೊಂಡೆಬಳ್ಳಿ ಇದೆ, ನೀರೊಲೆಯಲ್ಲಿ ಇದ್ದಿಲು ಇದೆ ಎಂದು ನಾನೇ ತೋರಿಸಿಕೊಟ್ಟೆ. ಮಕ್ಕಳೇ, ನೀವಿಬ್ಬರೂ ಇದ್ದಿಲನ್ನು ಪುಡಿ ಮಾಡಿ, ಹಿಡಿ ಎಲೆಯ ಜೊತೆ ಸೇರಿಸಿ ಹಲಗೆಗೆ ತಿಕ್ಕಿದಿರಿ. ಆ ಹಸಿ ವಾಸನೆ ಎದ್ದಿತು. ಆಮೇಲೆ ನಾನು ಎದ್ದು ಒಳಗೆ ಹೋದೆ. ಅಜ್ಜಿಗೆ ಸಿಟ್ಟು ಬಂತೇನೋ ಎಂದು ನೀವಿಬ್ಬರೂ ಬಾಗಿಲಲ್ಲಿ ಬಂದು ನಿಂತಿರಿ.

ಸಿಟ್ಟಲ್ಲ. ಆದರೆ ಏನು ಎಂದು ಬಾಯಿಂದ ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನ ನನ್ನ ಕಡೆ ನೋಡಿದರೆ ಮಾತು ಗಂಟಲಲ್ಲೇ ನಿಲ್ಲುತ್ತದೆ, ಮೊದಲಿನಿಂದಲೂ ಹಾಗೆಯೇ. ಅದಕ್ಕೇ ಬರೆಯುತ್ತಿದ್ದೇನೆ. ತವರೂರು ಕೊಡಂಬಲದ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳ ಕನ್ನಡ ಇದು. ತಪ್ಪಿದ್ದರೆ ಪಲ್ಲವಿ ತಿದ್ದಲಿ.

ನೀವು ಕಂಡಿರುವ ಜಗದೇವಿ ಅತ್ತೆ ಕಿಟಕಿಯ ಪಕ್ಕ ಕೂತು ಸೀರೆಗಳಿಗೆ ಫಾಲ್ ಹೊಲಿಯುವವಳು. ಕುಕ್ಕರ್ ಕೂಗುವ ಹೊತ್ತಿಗೆ ಹಿತ್ತಲಿಗೆ ಹೋಗುವವಳು, ತಾಟಿನಲ್ಲಿ ಅನ್ನಕ್ಕೆ ಸಾರು ತಾಗಿದರೆ ಉಣ್ಣದವಳು. ಅವಳು ಹೀಗೇಕೆ ಎನ್ನುವುದಕ್ಕೆ ನಿಮ್ಮ ಹತ್ತಿರ ಒಂದು ಮಾತಿದೆ, ಆಟಿಸಂ. ಓಂಕಾರನ ಬಾಯಲ್ಲೂ ಅದು ಸಲೀಸಾಗಿ ಬರುತ್ತದೆ. ನಮ್ಮ ಕಾಲಕ್ಕೆ ಹುಮನಾಬಾದಿನಲ್ಲಿ ಆ ಮಾತು ಯಾರಿಗೂ ಗೊತ್ತಿರಲಿಲ್ಲ. ಕೆಲವರು ಹಟ ಎಂದರು, ಕೆಲವರು ಗಾಳಿ ಎಂದರು, ನಿಮ್ಮ ದೊಡ್ಡಜ್ಜಿ ಹಣೆಬರಹ ಎಂದಳು. ನಿಮ್ಮ ಅಜ್ಜ ಜಗದೇವಿ ಸಣ್ಣವಳಿದ್ದಾಗಲೇ ತೀರಿಕೊಂಡರು. ನಾನು ಬೆಳಗಿನಲ್ಲೇ ಎದ್ದು ಜೋಳದ ರೊಟ್ಟಿ ಬಡಿದು ಬಸ್ ಸ್ಟ್ಯಾಂಡಿನ ಖಾನಾವಳಿಗೆ ಕೊಡುತ್ತಿದ್ದೆ. ಹಾಗೆ ನಿಮ್ಮ ಅಪ್ಪನನ್ನೂ ಅವಳನ್ನೂ ಓದಿಸುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿದ್ದಿರಬೇಕು. ಜಗದೇವಿ ಹೇಗೋ ಒಂಬತ್ತನೆಯ ತರಗತಿಗೆ ಬಂದಿದ್ದಳು. ಜೂನಿನ ಮಿರಗದ ಮಳೆ ಬಿದ್ದು ಹೊಲಗಳಲ್ಲಿ ಹೆಸರು, ಉದ್ದು ಬಿತ್ತುತ್ತಿದ್ದ ದಿನಗಳು. ಶಾಲೆ ಶುರುವಾದ ವಾರದಲ್ಲೇ ಹೆಡ್ ಮಾಸ್ತರು ನನ್ನನ್ನು ಕರೆಸಿದರು. ಸೆರಗು ತಲೆಯ ಮೇಲೆ ಎಳೆದುಕೊಂಡು ಅವರ ಕೋಣೆಯ ಬಾಗಿಲಲ್ಲಿ ನಿಂತೆ.

"ನೋಡ್ರಿ ತಾಯಿ, ನಿಮ್ಮ ಮಗಳು ಕೆಟ್ಟಾಕಿ ಅಲ್ಲ" ಎಂದರು ಅವರು. "ಆದ್ರ ಗಂಟಿ ಹೊಡದ್ರ ಸಾಕು, ಕಿವಿ ಮುಚ್ಚಿಕೊಂಡು ಚೀರ್ಕೋತ ಗೇಟ್ ದಾಟಿ ಹೈವೇ ಕಡಿ ಓಡ್ತಾಳ. ನಾಳೆ ಲಾರಿ ಬಂದ್ರ ಯಾರು ಜವಾಬ್ದಾರಿ? ಟೀಸಿ ಬರದುಕೊಡ್ತೀನಿ, ತಗೊಂಡು ಹೋಗ್ರಿ."

ಕೋಣೆಯ ಮೂಲೆಯಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಮಾಡುತ್ತಿದ್ದ ಒಬ್ಬರು ಟೀಚರು ತಲೆ ಎತ್ತಿದರು. ಲೆಕ್ಕದ ನಸೀಮಾ ಟೀಚರು ಅವರು. ಆ ವರ್ಷವೇ ಈ ಶಾಲೆಗೆ ವರ್ಗವಾಗಿ ಬಂದಿದ್ದರು, ದಿನಾ ಬಸವಕಲ್ಯಾಣದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದರು.

"ಸರ್, ಗುಲ್ಬರ್ಗಾ ಟ್ರೇನಿಂಗದಾಗ ಇಂಥಾ ಮಕ್ಕಳ ಬಗ್ಗಿ ಹೇಳಿದ್ರು" ಎಂದರು. "ನನಗೂ ಪೂರಾ ತಿಳಿದಿಲ್ಲ, ಸುಳ್ಳು ಯಾಕ ಹೇಳ್ಲಿ. ಆದ್ರ ಮನೀಗೆ ಕಳಿಸೋದು ಇದಕ್ಕ ದವಾ ಅಲ್ಲ ಅನ್ನೋದಷ್ಟು ತಿಳೀತು. ಒಂದ್ ವರ್ಷ ಕೊಡ್ರಿ."

ಹೆಡ್ ಮಾಸ್ತರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಹಂಗಾದ್ರ ಮನ್ಯಾವರು ಯಾರಾರ ಬಂದು ಆಕಿ ಮಗ್ಗಲಾಗ ಕೂಡಬೇಕು. ಮತ್ತ ಕೇಳ್ರಿ ತಾಯಿ, ವರ್ಷ ಮುಗಿಯೂದ್ರಾಗ ಆಕಿ ಒಬ್ಬಾಕಿನೇ ಕೂಡೂದು ಕಲೀಬೇಕು. ಹತ್ತನೇತ್ತಾ ಪರೀಕ್ಷಾ ಹಾಲಿನಾಗ ನಿಮ್ಮನ್ನ ಯಾರೂ ಬಿಡಂಗಿಲ್ಲ. ಕಲೀಲಿಲ್ಲ ಅಂದ್ರ ಮಾರ್ಚಿನಾಗ ಟೀಸಿ. ಕಬೂಲೇನು?"

"ಹ್ಞೂಂ ರಿ" ಎಂದೆ. ಮನೆಯವರು ಯಾರಾದರೂ ಎಂದರೆ ನಾನೇ. ಬೇರೆ ಯಾರಿದ್ದರು?

ಮರುದಿನ ಹದಿನಾಲ್ಕು ವರ್ಷದ ಮಕ್ಕಳ ನಡುವೆ ಹೋಗಿ ಕೂತೆ. ಹುಡುಗಿಯರ ಸಾಲಿನ ಕೊನೆಯ ಬೆಂಚು. ಎಡಕ್ಕೆ ಗೋಡೆ, ಗೋಡೆಗೆ ಹತ್ತಿಕೊಂಡು ಜಗದೇವಿ, ಅವಳ ಬಲಗಡೆ ನಾನು. ಹೀಗೆ ಕೂತರೆ ಬೇರೆಯವರ ಮೊಣಕೈ ಅವಳಿಗೆ ತಾಗುವುದಿಲ್ಲ ಎಂದು ಟೀಚರು ಜಾಗ ಗೊತ್ತು ಮಾಡಿದ್ದರು.

"ಏ, ಹೊಸಾ ಅಡ್ಮಿಷನ್ ಬಂದದ ನೋಡ್ರೋ!" ಎಂದು ಹುಡುಗರ ಕಡೆಯಿಂದ ಒಬ್ಬ ಕೂಗಿದ. ಇನ್ನೊಬ್ಬ, "ಆಯಿ, ಯುನಿಫಾರಂ ಎಲ್ಲದ?" ಎಂದ.

ಇಡೀ ಕ್ಲಾಸು ನಕ್ಕಿತು. ನಮ್ಮ ಮುಂದಿನ ಬೆಂಚಿನ ಹುಡುಗಿ ಮಾತ್ರ ಹಿಂದೆ ತಿರುಗಿ ಆ ಹುಡುಗನಿಗೆ, "ನಿನ್ನ ಅವ್ವ ಬಂದು ಕುಂತಿದ್ರ ನೀನೂ ಪಾಸ್ ಆಗ್ತಿದ್ದಿ, ಸುಮ್ನ ಕೂಡು" ಎಂದಳು. ಅವಳೇ ಸುಜಾತಾ. ಅವಳ ಅಪ್ಪ ಕಬ್ಬು ಕಡಿಯಲು ಹೋಗುತ್ತಿದ್ದ. ಹಳ್ಳಿಖೇಡದ ರಸ್ತೆಗೆ ಅವರದೊಂದು ತುಂಡು ಹೊಲವಿತ್ತು.

ಗಂಟೆ ಎಂದರೆ ಬೇವಿನ ಗಿಡಕ್ಕೆ ತೂಗುಹಾಕಿದ್ದ ರೈಲು ಕಂಬಿಯ ತುಂಡು. ಅದು ಯಾವಾಗ ಬಡಿದುಕೊಳ್ಳುತ್ತದೋ ಎನ್ನುವ ಭಯದಲ್ಲೇ ಜಗದೇವಿಯ ಕಿವಿಗೆ ಪಾಠ ಬೀಳುತ್ತಿರಲಿಲ್ಲ. ನಸೀಮಾ ಟೀಚರು ಜವಾನ ಮಾಣಿಕಪ್ಪನನ್ನು ಕರೆದು, ಮೊದಲು ಮೆಲ್ಲಗೆ ಒಂದು ಪೆಟ್ಟು ಕೊಡು, ಸ್ವಲ್ಪ ತಡೆದು ಆಮೇಲೆ ಜೋರಾಗಿ ಹೊಡಿ ಎಂದು ಹೇಳಿದರು.

"ಮಕ್ಕಳಿಗೆ ಆತು, ಈಗ ಗಂಟಿಗೂ ಸಾಲಿ ಕಲಸಾಕತ್ತೀರೇನ್ರಿ ಟೀಚರ?" ಎಂದು ಅವನು ನಕ್ಕ. ಆದರೂ ಹಾಗೆಯೇ ಮಾಡಿದ. ಮೆಲ್ಲನೆಯ ಪೆಟ್ಟು ಕೇಳಿದ ಕೂಡಲೇ ಜಗದೇವಿ ಕಿವಿ ಮುಚ್ಚಿಕೊಂಡು ಕಾಯುವಳು. ಜೋರಿನದು ಬಂದು ಹೋಗುವುದು. ಅವಳು ಕೈ ಇಳಿಸುವಳು. ಮಳೆಗಾಲ ಮುಗಿಯುವ ಹೊತ್ತಿಗೆ ಗೇಟಿನ ಕಡೆ ಓಡುವುದು ನಿಂತಿತು.

ಟೀಚರು ಇನ್ನೂ ಏನೇನೋ ಮಾಡಿದರು. ಅದರಲ್ಲಿ ಕೆಲವು ನಡೆದವು, ಕೆಲವು ನಡೆಯಲಿಲ್ಲ. ಹಲಗೆಯ ಮೂಲೆಯಲ್ಲಿ ಆ ದಿನದ ಪಾಠಗಳನ್ನು ಒಂದರ ಕೆಳಗೊಂದು ಚಿತ್ರ ಮಾಡಿ ಇಡುತ್ತಿದ್ದರು. ಲೆಕ್ಕಕ್ಕೆ ತ್ರಿಭುಜ, ವಿಜ್ಞಾನಕ್ಕೆ ಎಲೆ, ಆಟಕ್ಕೆ ಚೆಂಡು. ಒಂದೊಂದು ಪಾಠ ಮುಗಿದ ಹಾಗೆ ಒಂದೊಂದನ್ನು ಅಳಿಸುವುದು. ತಲೆ ತುಂಬಿ ಬಂತೆಂದರೆ ಜಗದೇವಿ ಯಾರನ್ನೂ ಕೇಳದೆ ಅಂಗಳದ ನಳದ ಹತ್ತಿರ ಹೋಗಿ, ಕೈಮೇಲೆ ನೀರು ಬಿಟ್ಟುಕೊಂಡು ನಿಂತು, ತಾನಾಗಿ ವಾಪಸು ಬರಬಹುದು ಎಂದು ಎಲ್ಲ ಮಾಸ್ತರರ ಹತ್ತಿರವೂ ಹೇಳಿ ಒಪ್ಪಿಸಿದರು. ಮಕ್ಕಳಿಗೆ ಹೇಳಿದ ಮಾತು ನನಗೆ ಈಗಲೂ ನೆನಪಿದೆ. "ಆಕಿ ನಿಮ್ಮ ಮಾರಿ ನೋಡ್ಲಿಲ್ಲ ಅಂದ್ರ ಕೇಳಾಕತ್ತಿಲ್ಲ ಅಂತಲ್ಲ. ನನ್ನ ಮಾರಿ ನೋಡ್ಕೋತ ಕೂಡೋರೆಲ್ಲ ಕೇಳಾಕತ್ತೀರೇನು, ಹೇಳ್ರಿ?"

ಶನಿವಾರ ಹಲಗೆ ತಿಕ್ಕುವ ದಿನ. ಹುಡುಗಿಯರು ಕಾಂಪೌಂಡಿನ ತೊಂಡೆಬಳ್ಳಿಯಿಂದ ಎಲೆ ಕಿತ್ತು ತರುವರು, ನಾನು ಮನೆಯ ಒಲೆಯಿಂದ ಇದ್ದಿಲು ಒಯ್ಯುವೆ. ಜಗದೇವಿ ಮೇಲಿನಿಂದ ಕೆಳಕ್ಕೆ, ಮೇಲಿನಿಂದ ಕೆಳಕ್ಕೆ, ಒಂದೇ ಸಮ ತಿಕ್ಕುವಳು, ಒಂದು ಕಡೆಯೂ ಬಿಳಿ ಉಳಿಯದ ಹಾಗೆ. ಸುಜಾತಾ ಎಲೆ ಕೊಡುತ್ತಾ ನಿಲ್ಲುವಳು. ಇಬ್ಬರ ಕೈಯೂ ಮೊಣಕೈವರೆಗೆ ಹಸಿರು, ಕಪ್ಪು. ಮನೆಗೆ ಬಂದ ಮೇಲೂ ಆ ವಾಸನೆ ನನ್ನ ಸೆರಗಿನಲ್ಲಿ ಇರುತ್ತಿತ್ತು. ನಾನು ತೊಳೆಯಲು ಅವಸರ ಮಾಡುತ್ತಿರಲಿಲ್ಲ.

ಯಾಕೆಂದರೆ, ಮಕ್ಕಳೇ, ಆ ವರ್ಷ ನಾನೂ ಕಲಿಯುತ್ತಿದ್ದೆ. ಏಳನೆಯದಾದ ಮೇಲೆ ಹೈಸ್ಕೂಲು ದೂರ, ಹುಡುಗಿ ದೊಡ್ಡವಳಾದಳು ಎಂದು ನಮ್ಮಪ್ಪ ನನ್ನನ್ನು ಬಿಡಿಸಿದ್ದರು. ಇಷ್ಟು ವರ್ಷಗಳಾದ ಮೇಲೆ ಮಗಳ ನೆಪದಲ್ಲಿ ನನಗೊಂದು ಬೆಂಚು ಸಿಕ್ಕಿತ್ತು. ಗೊತ್ತಿಲ್ಲದ ಸಂಖ್ಯೆಗೆ ಒಂದು ಅಕ್ಷರ ಇಟ್ಟು, ಆ ಕಡೆಯದನ್ನು ಈ ಕಡೆ ತಂದು ಅದು ಎಷ್ಟೆಂದು ಹಿಡಿಯುವ ಲೆಕ್ಕ ನನಗೆ ಹುಚ್ಚು ಹಿಡಿಸಿತು. ಮುಂಜಾನೆ ಹಿಟ್ಟು ನಾದುವ ಅಗಲವಾದ ಪರಾತದಲ್ಲಿ ಜೋಳದ ಹಿಟ್ಟು ಹರಡಿ ಅದರ ಮೇಲೆ ಬೆರಳಿನಿಂದ ಲೆಕ್ಕ ಬಿಡಿಸುವೆ, ಅಳಿಸುವೆ, ಆಮೇಲೆ ಎಸರು ಹೊಯ್ದು ನಾದುವೆ. ನಿಮ್ಮ ಅಪ್ಪ ಒಮ್ಮೆ ನೋಡಿ, "ಅವ್ವ, ಇವತ್ತು ಖಾನಾವಳಿಯವರು ಉತ್ತರ ತಿಂತಾರ" ಎಂದು ನಕ್ಕಿದ್ದ.

ಒಂದು ದಿನ ಟೀಚರು ಹಲಗೆಯ ಮೇಲೆ ಲೆಕ್ಕ ಬರೆದು ಉತ್ತರ ಕೇಳಿದರು. ಯಾರೂ ಹೇಳಲಿಲ್ಲ. ನನಗೆ ಗೊತ್ತಿತ್ತು. ತಡೆಯಲಾಗದೆ ಜಗದೇವಿಯ ಕಿವಿಯಲ್ಲಿ ಉಸುರಿದೆ. ಕೇಳಿದ ಮಾತನ್ನು ತಿರುಗಿ ಹೇಳುವುದು ಅವಳ ರೂಢಿ. ನಾನು ಹೇಳಿದಂತೆಯೇ, ನನ್ನದೇ ರಾಗದಲ್ಲಿ, "ಏಳು ಇರಬೇಕು ನೋಡವ್ವ" ಎಂದು ಗಟ್ಟಿಯಾಗಿ ಹೇಳಿಬಿಟ್ಟಳು.

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಟೀಚರೂ ನಕ್ಕರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಪಾಠ ಮುಗಿದ ಮೇಲೆ ಅವರು ನನ್ನನ್ನು ಬೇವಿನ ಗಿಡದ ಕೆಳಗೆ ಕರೆದರು.

"ಅಕ್ಕಾ, ನೀವು ಭಾಳ ಶ್ಯಾಣ್ಯಾ ಸ್ಟೂಡೆಂಟ್ ಇದ್ದೀರಿ. ಅದೇ ಮುಶ್ಕಿಲ್ ಆಗ್ಯಾದ ನೋಡ್ರಿ."

"ತಪ್ಪಾತ್ರಿ ಟೀಚರ."

"ತಪ್ಪಲ್ಲ. ಆದ್ರ ಜಗದೇವಿಗೆ ಹಸಿವಿ ಆಗ್ಯಾದೇನು ಅಂತ ಹುಡುಗ್ಯಾರು ನಿಮ್ಮನ್ನ ಕೇಳ್ತಾರ. ಆಟಕ್ಕ ಬರ್ತಾಳೇನು ಅಂತ ನಿಮ್ಮನ್ನ ಕೇಳ್ತಾರ. ಆಕಿನ್ನ ಯಾರೂ ಕೇಳಾಂಗಿಲ್ಲ. ನೀವು ಹತ್ತರ ಇರೋತನಕ ಕೇಳೋದೂ ಇಲ್ಲ. ಮಾರ್ಚ್ ದೂರ ಇಲ್ಲ ಅಕ್ಕಾ. ಇನ್ನ ನೀವು ಜರಾ ಜರಾ ಸರೀಬೇಕು."

ತಲೆ ಆಡಿಸಿದೆ. ಆದರೆ ಸರಿಯಲಿಲ್ಲ. ಇವತ್ತು ಬೇಡ, ಈ ಪಾಠ ಮುಗಿಯಲಿ ಎಂದುಕೊಳ್ಳುತ್ತಲೇ ದೀಪಾವಳಿ ಹೋಯಿತು, ಚಳಿ ಬಂತು. ತೊಗರಿ ಹೂ ಬಿಟ್ಟು ಕಾಯಿ ಕಟ್ಟಿತು. ಕಬ್ಬಿನ ಟ್ರ್ಯಾಕ್ಟರುಗಳು ಹಳ್ಳಿಖೇಡದ ಫ್ಯಾಕ್ಟರಿಯ ಕಡೆ ಸಾಲುಗಟ್ಟಿ ಹೋಗತೊಡಗಿದವು. ನಾನಿಲ್ಲದೆ ಅವಳನ್ನು ಯಾರು ಅರಿತಾರು ಎನ್ನುವ ಭಯ ಒಂದು ಕಡೆ. ಬೆಂಚಿನ ಆಸೆ ಇನ್ನೊಂದು ಕಡೆ. ಯಾವುದು ಹೆಚ್ಚು ಎಂದು ನಾನು ತೂಗಿ ನೋಡಲಿಲ್ಲ.

ಎಳ್ಳಮಾವಾಸ್ಯೆಗೆ ಸುಜಾತಾ ನಮ್ಮನ್ನು ತಮ್ಮ ಹೊಲಕ್ಕೆ ಕರೆದಳು. ನಮ್ಮ ಕಡೆ ಆ ದಿನ ಊರಿಗೆ ಊರೇ ಹೊಲದಲ್ಲಿ ಉಣ್ಣುತ್ತದೆ ಎಂದು ನಿಮಗೆ ಗೊತ್ತು. ಹೊರಡುವಾಗ ಓಣಿಯ ಒಬ್ಬಾಕೆ ಅಡ್ಡ ಬಂದು, "ಅವರ ಹೊಲದಾಗ ಊಟ ಮಾಡ್ತೀಯೇನವ್ವ?" ಎಂದು ಮೂಗು ಮುರಿದಳು. "ಕರದಾರ, ಹೊಂಟೇವಿ" ಎಂದೆ. ಅಷ್ಟು ಹೇಳಿದ್ದೇ ನನಗೆ ಹೆಚ್ಚು.

ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಎಳ್ಳಮಾವಾಸ್ಯೆ ಎಂದರೆ ಭಜ್ಜಿ. ಹಸಿ ತೊಗರಿ, ಅವರೆ, ಕಡಲೆ, ಮೆಂತ್ಯ, ಬದನೆ, ಸಿಕ್ಕಿದ್ದೆಲ್ಲ ಕೂಡಿಸಿ ಕುದಿಸಿದ್ದು. ಒಂದರೊಳಗೊಂದು ಬೆರೆತ ಊಟ ಕಂಡರೆ ಜಗದೇವಿ ತಾಟು ದೂಡುತ್ತಾಳೆ, ಒತ್ತಾಯ ಮಾಡಿದರೆ ಚೀರುತ್ತಾಳೆ. ಹಬ್ಬದ ದಿನ ಕರೆದವರ ಮನಸ್ಸು ನೋಯಬಾರದಲ್ಲ. ಏನು ಹೇಳಿ ತಪ್ಪಿಸಲಿ ಎಂದು ಮಾತು ಹೊಂದಿಸಿಕೊಳ್ಳುತ್ತಾ ನಡೆದೆ.

ಹೊಲದಲ್ಲಿ ಜೋಳದ ಸಾಲಿನ ಮಧ್ಯೆ ಕಂಬಳಿ ಹಾಸಿದ್ದರು. ಸುಜಾತಾಳ ಅವ್ವ ಎಲ್ಲರಿಗೂ ಸಜ್ಜೆ ರೊಟ್ಟಿ, ಭಜ್ಜಿ ಬಡಿಸುತ್ತಾ ಬಂದಳು. ಜಗದೇವಿಯ ಮುಂದೆ ಬಂದಾಗ ನಾನು ಬಾಯಿ ತೆಗೆದೆ. ಅಷ್ಟರಲ್ಲಿ ಸುಜಾತಾ ಇನ್ನೊಂದು ತಾಟು ತಂದು ಅವಳ ಮುಂದಿಟ್ಟಳು. ಕುದಿಸಿದ ತೊಗರಿಕಾಳು ಒಂದು ಕಡೆ, ಅವರೆಕಾಳು ಒಂದು ಕಡೆ, ರೊಟ್ಟಿ ಇನ್ನೊಂದು ಕಡೆ. ನಡುವೆ ಬೆರಳಷ್ಟು ಜಾಗ.

"ಭಜ್ಜಿಗೆ ಹಾಕೋಕಿಂತ ಮೊದಲೇ ತಗದಿಟ್ಟೀನಿ. ಹೌದಿಲ್ಲೋ ಜಗದೇವಿ? ಹಿಂಗೇ ಬೇಕಂದಿದ್ದಿಲ್ಲೋ?" ಎಂದಳು.

"ಹಿಂಗೇ ಬೇಕು" ಎಂದಳು ಜಗದೇವಿ. ತಾಟು ನೋಡುತ್ತಲೇ ಅಂದಳು. ಒಂದೊಂದೇ ಕಾಳು ಹೆಕ್ಕಿ ಉಂಡಳು, ಮತ್ತೆ ತಾಟು ಮುಂದಕ್ಕೆ ಚಾಚಿದಳು.

ಸುಜಾತಾಳ ಅವ್ವ ನನ್ನ ಕಡೆ ತಿರುಗಿ, "ನಮ್ಮಾಕಿ ವಾರದಿಂದ ನನ್ನ ತಲಿ ತಿಂದಾಳ್ರೀ, ಕೂಡಿಸಬ್ಯಾಡ ಕೂಡಿಸಬ್ಯಾಡ ಅಂತ. ಕೂಡಿಸದಿದ್ರ ಅದು ಭಜ್ಜಿ ಹ್ಯಾಂಗಾಗ್ತದ್ರಿ?" ಎಂದು ನಕ್ಕಳು.

ನಾನೂ ನಕ್ಕೆ. ಸುಜಾತಾ ಅದನ್ನು ನನ್ನನ್ನು ಕೇಳಿರಲಿಲ್ಲ. ನಾನು ಊಟದ ಬಿಡುವಿನಲ್ಲಿ ಡಬ್ಬಿ ತೊಳೆಯಲು ನಳಕ್ಕೆ ಹೋದ ಹೊತ್ತಿನಲ್ಲಿ ಜಗದೇವಿಯನ್ನೇ ಕೇಳಿರಬೇಕು. ಬಿಸಿಲು ಹಿತವಾಗಿತ್ತು. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹಾಡು ಹಾಕಿಕೊಂಡು ಹೋಗುತ್ತಿತ್ತು. ನಾನು ಹೊಂದಿಸಿಕೊಂಡು ಬಂದ ಮಾತು ಬೇಕಾಗಲೇ ಇಲ್ಲ.

ಹಬ್ಬದ ಮರುದಿನ ಲೆಕ್ಕದ ಪಾಠದಲ್ಲಿ ಟೀಚರು ತ್ರಿಭುಜ ಬರೆದರು. ಯಾವ ತ್ರಿಭುಜವಾದರೂ ಇರಲಿ, ಅದರ ಮೂರು ಕೋನ ಕೂಡಿಸಿದರೆ ಒಂದು ನೇರ ಗೆರೆಯಷ್ಟೇ ಆಗುತ್ತದೆ, ಯಾಕೆ ಎಂದು ತೋರಿಸುತ್ತೇನೆ ಎಂದರು. ತ್ರಿಭುಜದ ನೆತ್ತಿಯ ಮೇಲೆ, ತಳಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆದರು. ಅಷ್ಟರಲ್ಲಿ ಮಾಣಿಕಪ್ಪನ ಮೆಲ್ಲನೆಯ ಪೆಟ್ಟು ಕೇಳಿತು. ಜಗದೇವಿ ಕಿವಿ ಮುಚ್ಚಿದಳು. "ಉಳಿದದ್ದು ನಾಳೆ" ಎಂದರು ಟೀಚರು.

ಆ ನಾಳೆ ನಾನು ಬೆಂಚಿನಿಂದ ಎದ್ದೆ. ಸುಜಾತಾಳಿಗೆ ನನ್ನ ಜಾಗ ಬಿಟ್ಟುಕೊಟ್ಟು ವರಾಂಡದಲ್ಲಿ ಚಾಪೆ ಹಾಕಿಕೊಂಡು ಕೂತೆ. ಒಳಗೆ ಮಕ್ಕಳು "ಪರ್ಯಾಯ ಕೋನಗಳು, ಪರ್ಯಾಯ ಕೋನಗಳು" ಎಂದು ಒಟ್ಟಾಗಿ ಹೇಳುವುದು ಕೇಳಿಸುತ್ತಿತ್ತು. ಅದರಲ್ಲಿ ಒಂದು ದನಿ ಎಲ್ಲರಿಗಿಂತ ತುಸು ತಡವಾಗಿ ಬರುತ್ತಿತ್ತು. ಅದು ನನ್ನ ಮಗಳದು. ಹಲಗೆ ಮಾತ್ರ ನನಗೆ ಕಾಣುತ್ತಿರಲಿಲ್ಲ.

ಆಮೇಲೆ ವರಾಂಡದಿಂದ ಬೇವಿನ ಗಿಡದ ಕೆಳಗೆ ಸರಿದೆ. ಅಲ್ಲಿಗೆ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಬಿಸಿಲು ಏರಿ, ಬೇಸಿಗೆಯ ಮುಂಜಾನೆ ಶಾಲೆ ಶುರುವಾಗುವ ಕಾಲಕ್ಕೆ ಗೇಟಿನ ಹೊರಗಿನ ಕಟ್ಟೆಗೆ ಬಂದಿದ್ದೆ.

ಅಲ್ಲಿ ಕೂತಿದ್ದಾಗಲೇ ಒಂದು ದಿನ ಅವಳ ಚೀರು ಕೇಳಿಸಿತು. ಅಂದು ನಸೀಮಾ ಟೀಚರು ರಜೆ ಹಾಕಿದ್ದರು. ಹಲಗೆಯ ಮೂಲೆಯಲ್ಲಿ ಚಿತ್ರ ಇರಲಿಲ್ಲ. ಲೆಕ್ಕದ ಹೊತ್ತಿನಲ್ಲಿ ಬೇರೆ ಯಾರೋ ಬಂದು ಬೇರೆ ಏನೋ ಶುರು ಮಾಡಿದ್ದರು, ಹುಡುಗರು ಡೆಸ್ಕು ಬಡಿಯುತ್ತಿದ್ದರು. ಆ ಚೀರಿನಲ್ಲಿ ಅವಳಿಗೆ ಏನಾಗಿದೆ ಎಂದು ನನಗೆ ಕೂತಲ್ಲೇ ತಿಳಿಯಿತು. ಎದ್ದು ಗೇಟಿನ ಕಂಬಿ ಹಿಡಿದೆ. ಚಿಲಕ ತೆಗೆದರೆ ಹತ್ತು ಹೆಜ್ಜೆ. ತೆಗೆದರೆ ಮಾರ್ಚಿನ ಟೀಸಿ. ಕಂಬಿ ಬಿಸಿಲಿಗೆ ಕಾದು ಸುಡುತ್ತಿತ್ತು.

ಅವಳು ಕಿವಿ ಮುಚ್ಚಿಕೊಂಡು ಬಾಗಿಲಿಗೆ ಬಂದಳು. ಈಗ ಗೇಟಿಗೆ ಓಡುತ್ತಾಳೆ ಎಂದುಕೊಂಡೆ. ನನ್ನನ್ನು ನೋಡಿದಳು ಎಂದೂ ಅನ್ನಿಸಿತು. ಹಿಂದೆಯೇ ಸುಜಾತಾ ಬಂದಳು. ಮುಟ್ಟಲಿಲ್ಲ, ಕೈ ಹಿಡಿಯಲಿಲ್ಲ, ಒಂದು ಮಾರು ಬಿಟ್ಟು ನಿಂತು, "ಜಗದೇವಿ, ನಳ" ಎಂದಳು. ಅಷ್ಟೇ.

ಜಗದೇವಿ ನಿಂತಳು. ಗೇಟಿನ ಕಡೆ ಇದ್ದ ಮುಖ ನಳದ ಕಡೆ ತಿರುಗಿತು. ಹೋಗಿ ಕೈಮೇಲೆ ನೀರು ಬಿಟ್ಟುಕೊಂಡಳು. ಬಹಳ ಹೊತ್ತು ಬಿಟ್ಟುಕೊಂಡಳು. ಆಮೇಲೆ ನಳ ಬಂದ್ ಮಾಡಿ, ಕೈಯನ್ನು ಲಂಗಕ್ಕೆ ಒರೆಸಿಕೊಂಡು, ತಾನೇ ಕ್ಲಾಸಿನೊಳಗೆ ಹೋದಳು.

ಹೆಡ್ ಮಾಸ್ತರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತು ಇದೆಲ್ಲ ನೋಡಿದ್ದರು. ಗೇಟಿನ ತನಕ ನಡೆದು ಬಂದರು. ಇನ್ನೂ ಕಂಬಿ ಹಿಡಿದೇ ನಿಂತಿದ್ದ ನನ್ನನ್ನು ನೋಡಿ, "ನಾಳಿಂದ ನೀವು ಬರೋದು ಬ್ಯಾಡ ತಾಯಿ" ಎಂದರು. "ಆಕಿ ಜಾಗ ಆಕಿದು. ಹತ್ತನೇತ್ತಾ ಇಲ್ಲೇ ಓದ್ಲಿ."

"ಹ್ಞೂಂ ರಿ" ಎಂದೆ. ಅದೇ ಮಾತು ಕೇಳಬೇಕೆಂದು ವರ್ಷವಿಡೀ ಕಾದಿದ್ದೆ. ಮನೆಗೆ ನಡೆದು ಬರುವಾಗ ರಸ್ತೆಯ ಮೇಲೆ ಬಿದ್ದ ಕಬ್ಬಿನ ಸಿಪ್ಪೆ ಬಿಸಿಲಿಗೆ ಒಣಗಿ ಕಾಲ ಕೆಳಗೆ ಮುರಿಯುತ್ತಿತ್ತು. ಅಳು ಬಂತು. ಸಂತೋಷಕ್ಕೆ ಎಂದು ದಾರಿಯಲ್ಲಿ ಕೇಳಿದವರಿಗೆ ಹೇಳಿದೆ. ಅದು ಖರೆಯೇ, ಆದರೆ ಪೂರ್ತಿ ಖರೆ ಅಲ್ಲ.

ಹತ್ತನೆಯದರಲ್ಲಿ ಅವಳಿಗೆ ಎರಡು ವಿಷಯ ಉಳಿದವು, ಮತ್ತೆ ಕಟ್ಟಿ ಪಾಸಾದಳು. ನಿಮ್ಮ ಅಪ್ಪನ ಕೆಲಸದಿಂದಾಗಿ ನಾವು ಬಸವಕಲ್ಯಾಣಕ್ಕೆ ಬಂದಾಗ ನಾನು ಮೊದಲು ಹುಡುಕಿದ್ದು ನಸೀಮಾ ಟೀಚರ ಮನೆ. ಕೋಟೆಯ ಕಡೆಯ ಓಣಿಯಲ್ಲಿ ಸಿಕ್ಕಿತು. ಆದರೆ ಅದರಲ್ಲಿ ಬೇರೆಯವರಿದ್ದರು. ಟೀಚರು ರಿಟೈರಾಗಿ ಮಗಳ ಊರಿಗೆ ಹೋದರಂತೆ. ಆ ಉಳಿದ ಪಾಠ ಕೇಳಬೇಕಿತ್ತು ನನಗೆ. ಅದಕ್ಕಾಗಿ ಬಂದೆ ಎಂದು ಬಾಗಿಲಲ್ಲಿ ನಿಂತ ಅಪರಿಚಿತರಿಗೆ ಹೇಗೆ ಹೇಳುವುದು?

ಮೊನ್ನೆ ಹಲಗೆ ಕಪ್ಪಗೆ ಮಿಂಚುತ್ತಿದ್ದಾಗ ಪಲ್ಲವಿ ಅದರ ಮೇಲೆ ತ್ರಿಭುಜ ಬರೆದಳು. ನೆತ್ತಿಯ ಮೇಲೆ ಒಂದು ಗೆರೆ ಎಳೆದಳು. ನಾನು ಎದ್ದು ಒಳಗೆ ಹೋದದ್ದು ಆಗ. ನೀವು ಬಾಗಿಲಿನಿಂದ ತಿರುಗಿ ಹೋದ ಮೇಲೆ ಸಂದಿಯಿಂದ ನೋಡಿದೆ. ಜಗದೇವಿ ಹೊಲಿಗೆ ಬಿಟ್ಟು ಬಂದು, ಹಲಗೆಯ ಮುಂದಿನ ಚಾಪೆಯ ಮೇಲೆ ಗೋಡೆಗೆ ಹತ್ತಿಕೊಂಡು ಕೂತಳು. ಬಲಗಡೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟಿದ್ದಳು. ಓಂಕಾರ ಅಲ್ಲಿ ಕೂಡಲು ಹೋದಾಗ ಅಂಗೈ ಇಟ್ಟು ತಡೆದಳು. ಅದು ಸುಜಾತಾಳಿಗೋ, ನನಗೋ, ನಾನು ಕೇಳಲಿಲ್ಲ.

ಬರುವ ಭಾನುವಾರ ಹಲಗೆ ಮತ್ತೆ ಇಳಿಸಿರಿ. ಎಲೆ ನಾನೇ ಕಿತ್ತು ತರುತ್ತೇನೆ. ಆ ಗೆರೆ ಎಳೆದ ಮೇಲೆ ಯಾವ ಕೋನ ಎಲ್ಲಿಗೆ ಹೋಗಿ ಕೂಡುತ್ತದೆ ಎಂದು ಪಲ್ಲವಿ ನಿಧಾನವಾಗಿ ತೋರಿಸಬೇಕು. ನಾನು ಜಗದೇವಿಯ ಬಲಗಡೆ ಕೂಡುತ್ತೇನೆ. ಉತ್ತರ ಗೊತ್ತಾದರೂ ಬಾಯಿ ಬಿಡುವುದಿಲ್ಲ. ಅವಳೇ ಹೇಳಲಿ.